ಅಳತೆ ಪುಸ್ತಕ ಯಾರ ಕೈಯಲ್ಲಿದೆ?

(ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಕಟ್ಟಡ ಕೆಲಸಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಈ ಶಿಬಿರದ ವಿಷಯ ಕರಾರು ಆಡಳಿತದ ತರಬೇತಿ ಎಂದು ಕರಪತ್ರದಲ್ಲಿ ಅಚ್ಚಾದಾಗ ಕೆಲವರು ನಕ್ಕರು. "ಅದು ಎಂಜಿನಿಯರುಗಳ ವಿದ್ಯೆ, ಕಂತ್ರಾಟುದಾರರ ವಿದ್ಯೆ. ಗಾರೆ ಕಲಸುವವರಿಗೂ ಪಂಚಾಯಿತಿ ಮೆಂಬರಿಗೂ ಅದೇಕೆ?" ಎಂದು ಕೇಳಿದರು. ಅವರಿಗೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

ನಾನು ಮೇಷ್ಟ್ರಾಗಿದ್ದ ಶಾಲೆಗೆ ಎರಡು ಹೊಸ ಕೋಣೆಗಳಾದವು. ಬೀಗದ ಕೈ ಕೊಟ್ಟ ಕೆಲವು ತಿಂಗಳಿಗೆ ಕಂತ್ರಾಟುದಾರನ ಗುಮಾಸ್ತ ಬಂದು, "ಕೆಲಸ ತೃಪ್ತಿಕರವಾಗಿದೆ ಎಂದು ಎರಡು ಸಾಲು ಬರೆದುಕೊಡಿ ಸಾರ್" ಎಂದ. ಹೆಡ್‌ಮಾಸ್ತರು ನನ್ನ ಕಡೆ ನೋಡಿದರು. ಶಾಲೆಯಲ್ಲಿ ನನ್ನ ಅಕ್ಷರವೇ ದುಂಡಗಿದ್ದುದು. ನಾನು ಬರೆದೆ, ಅವರು ರುಜು ಹಾಕಿದರು. ಮುಂದಿನ ಮಳೆಗಾಲದಲ್ಲಿ ತಾರಸಿ ಸೋರಿತು. ಮಕ್ಕಳು ಪುಸ್ತಕದ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಕುಳಿತರು. ಅರ್ಜಿ ಹಿಡಿದು ಹೋದರೆ, ಕಚೇರಿಯವರು ನನ್ನ ದುಂಡಕ್ಷರವನ್ನೇ ನನ್ನ ಮುಂದೆ ಹಿಡಿದರು. ಕೆಲಸ ಮುಗಿದ ಮೇಲೂ ಇಷ್ಟು ಕಾಲ ದೋಷಕ್ಕೆಲ್ಲ ಕಂತ್ರಾಟುದಾರನೇ ಹೊಣೆ, ಅಲ್ಲಿಯವರೆಗೆ ಅವನ ಠೇವಣಿಯನ್ನು ಹಿಡಿದಿಡತಕ್ಕದ್ದು ಎಂಬ ಷರತ್ತು ಕರಾರಿನಲ್ಲಿತ್ತು. ಆ ಠೇವಣಿ ಬಿಡಿಸಿಕೊಳ್ಳಲು ನನ್ನ ಎರಡು ಸಾಲು ಅವನಿಗೆ ಸಾಕಾಯಿತು. ನಾನು ಲಂಚ ತಿಂದಿರಲಿಲ್ಲ. ಕರಾರನ್ನು ಓದಿರಲಿಲ್ಲ, ಅಷ್ಟೆ. ಮಕ್ಕಳ ಪಾಲಿಗೆ ಎರಡರ ಫಲವೂ ಒಂದೇ.

ಎದುರು ಪಕ್ಷದವರು ಓದುತ್ತಾರೆ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವೊಂದು 1913ರಲ್ಲಿ ಸ್ಥಾಪನೆಯಾಯಿತು. ಅದು 1957ರಲ್ಲಿ ಕಾಮಗಾರಿ ಕರಾರುಗಳ ಮಾದರಿ ಷರತ್ತುಗಳನ್ನು ಹೊರತಂದಿತು. ಅದಕ್ಕೆ 'ಕೆಂಪು ಪುಸ್ತಕ'ವೆಂದು ಹೆಸರು. ಹೆಸರು ಕೇಳಿ ನಮ್ಮದೆಂದು ಭ್ರಮಿಸಬೇಡಿ! ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಇಂಥ ಷರತ್ತುಗಳನ್ನು ಪಾಠ ಹೇಳಿಸುತ್ತವೆ. ಎಲ್ಲಿ ಹೆಚ್ಚುವರಿ ಹಣ ಕೇಳಬಹುದು, ಎಷ್ಟು ದಿನದೊಳಗೆ ನೋಟೀಸು ಕೊಡಬೇಕು, ಇವೆಲ್ಲ ಅವರಿಗೆ ಬಾಯಿಪಾಠ. ರಸ್ತೆಯ ಮೇಲೆ ನಡೆಯುವವನಿಗೆ, ಆ ರಸ್ತೆಗೆ ಜಲ್ಲಿ ಹೊತ್ತವಳಿಗೆ ಮಾತ್ರ ಈ ಪಾಠವಿಲ್ಲ.

ಹಾಗೆಂದು ಎಂಜಿನಿಯರುಗಳೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕ ಎಂಜಿನಿಯರಿಗೆ ಒತ್ತಡ ಬಂದಾಗ, "ಊರವರು ಲೆಕ್ಕ ಕೇಳುತ್ತಾರೆ" ಎನ್ನುವುದೇ ದೊಡ್ಡ ರಕ್ಷಣೆ. ಕೇಳಲು ಊರವರಿಗೆ ತಿಳಿದಿರಬೇಕು.

ಹಾಗಾದರೆ ಏನನ್ನು ಕಲಿಯಬೇಕು? ನಾಲ್ಕು ಕಾಗದ. ಮೊದಲನೆಯದು ಅಂದಾಜು ಪಟ್ಟಿ: ಯಾವ ಕೆಲಸ, ಎಷ್ಟು ಪ್ರಮಾಣ, ಯಾವ ದರ. ಎರಡನೆಯದು ಕರಾರುಪತ್ರ: ಅವಧಿ, ತಡವಾದರೆ ದಂಡ, ಠೇವಣಿ, ದೋಷದ ಹೊಣೆ. ರಾಜ್ಯ ಸರ್ಕಾರದ ಕರಾರುಗಳನ್ನು ಸಂವಿಧಾನದ 299ನೆಯ ಅನುಚ್ಛೇದದಂತೆ ರಾಜ್ಯಪಾಲರ ಹೆಸರಿನಲ್ಲಿ ಬರೆಯುತ್ತಾರೆ. ಆದರೆ ಸೋರುವ ಸೂರಿನ ಕೆಳಗೆ ಕೂರುವವರು ರಾಜ್ಯಪಾಲರಲ್ಲ. ಮೂರನೆಯದು ಅಳತೆ ಪುಸ್ತಕ. ನಾಲ್ಕನೆಯದು ಬಿಲ್ಲು. ಇವುಗಳಲ್ಲಿ ರಾಜನೆಂದರೆ ಅಳತೆ ಪುಸ್ತಕ. ಅದರಲ್ಲಿ ಬರೆದದ್ದೇ ಬಿಲ್ಲಾಗುತ್ತದೆ, ಬಿಲ್ಲೇ ಹಣವಾಗುತ್ತದೆ.

ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕ ಮಾಡೋಣ. ಒಂದು ಕಿಲೋಮೀಟರ್ ರಸ್ತೆ, ಅಗಲ 3 ಮೀಟರ್, ಜಲ್ಲಿ ಹಾಸು 15 ಸೆಂಟಿಮೀಟರ್ ದಪ್ಪ. ಸಾವಿರವನ್ನು ಮೂರರಿಂದ ಗುಣಿಸಿ, ದಪ್ಪದಿಂದ ಗುಣಿಸಿದರೆ 450 ಘನ ಮೀಟರ್. ಪುಸ್ತಕದಲ್ಲಿ 15 ಎಂದು ಬರೆದು ನೆಲದಲ್ಲಿ 10 ಸೆಂಟಿಮೀಟರ್ ಹಾಕಿದರೆ ಜಲ್ಲಿ 300 ಘನ ಮೀಟರ್ ಮಾತ್ರ. ಕೊರತೆ ಮೂರು ಬೆರಳಿನ ಅಗಲದಷ್ಟು ದಪ್ಪ. ಕಾಣೆಯಾದದ್ದು ಮೂರರಲ್ಲೊಂದು ಪಾಲು. ಮೇಲಿನಿಂದ ನೋಡಿದವನಿಗೆ ಏನೂ ಕಾಣದು. ಹೈಸ್ಕೂಲಿನ ಹುಡುಗ ಈ ಲೆಕ್ಕ ಮಾಡಬಲ್ಲ. ಆದುದರಿಂದ ಇದು ನಮಗೆ ತಿಳಿಯದ ವಿದ್ಯೆ ಎಂಬ ಮಾತನ್ನು ಇಂದಿಗೆ ಬಿಟ್ಟುಬಿಡಿ.

ಅಳತೆಯ ಜಗಳ ನಮ್ಮ ನಾಡಿಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ, ಗೇಣಿ ಭತ್ತ ಅಳೆಯುವ ಕೊಳಗವೂ ವಿವಾದದ ಒಂದು ಮೂಲವಾಗಿತ್ತು. ಕೊಳಗ ಒಡೆಯನದಾದರೆ ಬೆವರಿನ ಲೆಕ್ಕವೂ ಒಡೆಯನದೇ. ಇಂದಿನ ಕೊಳಗ ಈ ಅಳತೆ ಪುಸ್ತಕ.

ಅಕ್ಷರ ಬಾರದವರು ಏನು ಮಾಡಿಯಾರು ಎನ್ನುವವರಿಗೆ ರಾಜಸ್ಥಾನದ ಉದಾಹರಣೆ ಇದೆ. ಅಲ್ಲಿನ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್‌ಕಿರಾನಾ ಎಂಬ ಊರಿನಲ್ಲಿ ಜನರ ಅಹವಾಲು ಸಭೆ ಸೇರಿಸಿ, ಕಾಮಗಾರಿಗಳ ದಾಖಲೆಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿತು. ಕೆಲಸ ಮಾಡಿದವರೇ ಕುಳಿತು ಕೇಳಿ, ಯಾವುದು ನಿಜ, ಯಾವುದು ಸುಳ್ಳು ಎಂದು ಸಾಕ್ಷಿ ಹೇಳಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತರು. ಆ ಬೇಡಿಕೆಯೇ ಬೆಳೆದು 2005ರ ಮಾಹಿತಿ ಹಕ್ಕು ಕಾಯಿದೆಯಾಯಿತು. ಅದರಂತೆ ಹತ್ತು ರೂಪಾಯಿ ಶುಲ್ಕದ ಅರ್ಜಿ ಕೊಟ್ಟು ಅಳತೆ ಪುಸ್ತಕದ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಅಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕಾಯಿದೆ ಕೊಟ್ಟಿದೆ.

ಕೂಲಿಯ ಮಾತು ಇನ್ನೂ ಮುಖ್ಯ. 1970ರ ಗುತ್ತಿಗೆ ಕಾರ್ಮಿಕ ಕಾಯಿದೆ 20 ಆಳುಗಳಿರುವಲ್ಲಿಗೆ ಅನ್ವಯಿಸುತ್ತಿತ್ತು. 2020ರಲ್ಲಿ ಪಾರ್ಲಿಮೆಂಟು ಒಪ್ಪಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಯಲ್ಲಿ ಆ ಸಂಖ್ಯೆ 50ಕ್ಕೆ ಏರಿತು. ನಮ್ಮ ಹಳ್ಳಿಗಳ ಶಾಲೆ, ಮೋರಿ, ಚರಂಡಿಯ ಕೆಲಸದಲ್ಲಿ ಐವತ್ತು ಆಳು ಎಲ್ಲಿ ಸಿಗುತ್ತಾರೆ? ಆ ರಕ್ಷಣೆಯ ಬೇಲಿಯಿಂದ ನಮ್ಮವರು ಹೊರಬಿದ್ದರು. ಬೇಲಿಯ ಒಳಗಿರುವವರಿಗಾದರೂ ಒಂದು ಮಾತು ತಿಳಿದಿರಲಿ: ಕಂತ್ರಾಟುದಾರ ಕೂಲಿ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಅದನ್ನು ತೆರಬೇಕು. ಸರ್ಕಾರ ಮಾಲೀಕನಾದರೆ ಸರ್ಕಾರವೂ ತೆರಬೇಕು.

ಕೊನೆಯದಾಗಿ ಒಂದು ಮಾತು. ಈ ಕೋಣೆಯಲ್ಲಿ ಮೆಂಬರುಗಳು ಒಂದು ಕಡೆ, ಕೆಲಸಗಾರರು ಇನ್ನೊಂದು ಕಡೆ ಕುಳಿತಿದ್ದೀರಿ. ಎದ್ದು ಬೆರೆತು ಕುಳಿತುಕೊಳ್ಳಿ. ಪುಸ್ತಕದಲ್ಲಿ ಎಷ್ಟು ಬರೆದಿದೆಯೆಂದು ಮೆಂಬರಿಗೆ ಸಿಗುತ್ತದೆ; ನೆಲದಲ್ಲಿ ಎಷ್ಟು ಬಿದ್ದಿದೆಯೆಂದು ಜಲ್ಲಿ ಹರಡಿದವಳಿಗೆ ಗೊತ್ತು. ಈ ಎರಡು ತಿಳಿವಳಿಕೆ ಒಂದೇ ಬೆಂಚಿನಲ್ಲಿ ಕೂಡದಂತೆ ಇಷ್ಟು ಕಾಲ ನೋಡಿಕೊಂಡಿದ್ದಾರೆ. ಮುಂದಿನ ಶಿಬಿರಕ್ಕೆ ಬರುವಾಗ ಊರಿಗೊಂದು ಕಾಮಗಾರಿಯ ಅಳತೆ ಪುಸ್ತಕದ ಪ್ರತಿ ತನ್ನಿ, ಜೊತೆಗೆ ಒಂದು ಟೇಪು ತನ್ನಿ. ಪಾಠ ಹೊರಗೆ, ರಸ್ತೆಯ ಮೇಲೆ ನಡೆಯುತ್ತದೆ.

ಓದದೆ ಯಾವ ಕಾಗದಕ್ಕೂ ರುಜು ಹಾಕಬೇಡಿ. ನನ್ನ ದುಂಡಕ್ಷರದ ನೆನಪಿರಲಿ.