ಒಂದೇ ನೀರು, ನಾಲ್ಕು ಲೆಕ್ಕ

(ಖಾನಾಪುರದ ರೈತ ಸಭೆಯಲ್ಲಿ ಆಡಿದ ಮಾತು)



ಮಲಪ್ರಭೆ ಹುಟ್ಟುವುದು ನಮ್ಮ ತಾಲೂಕಿನ ಕಣಕುಂಬಿಯಲ್ಲಿ. ಆ ಕಡೆ ಮಳೆಗಾಲದಾಗ ಕೊಡೆ ಮಡಚಾಕ ಬಿಡುವಿಲ್ಲ. ಆದರೂ ಬೇಸಿಗೆಗೆ ಬಾವಿ ತಳ ಕಾಣತೈತಿ. ಯಾಕೆ?

ನನ್ನದೇ ಹೇಳತೇನಿ. ಕಬ್ಬಿಗೆ ನೀರು ಸಾಲದೆ, ಸಾಲ ಮಾಡಿ ಬೋರು ಹೊಡೆಸಿದೆ. ನೀರು ಬಂತು, ಕಾಯಿ ಒಡೆದೆ. ಮರುವರ್ಷ ಬದುವಿನಾಚೆಯ ಕಾಕಾನ ಬಾವಿ ಬತ್ತಿತು. ಅವರೂ ಸಾಲ ಮಾಡಿ ನನಗಿಂತ ಆಳಕ್ಕೆ ಹೊಡೆಸಿದರು. ಈಗ ನನ್ನ ಬೋರು ಬರೇ ಗಾಳಿ ಉಗುಳತೈತಿ. ಇಬ್ಬರ ಸಾಲ ಬೆಳೆದೈತಿ, ಇಬ್ಬರ ನಡುವಿನ ಮಾತು ನಿಂತೈತಿ.

ನಾವಿಬ್ಬರೂ ಕಳ್ಳರಲ್ಲ. ನಮ್ಮ ನಮ್ಮ ಲೆಕ್ಕ ಹಿಡಿದು ಕೂತವರು. ರೈತನ ಲೆಕ್ಕ ಬಾಂದಗಲ್ಲಿನ ತನಕ. ಹೊಲದ ಕೆಳಗಿನ ನೀರು ಹೊಲದವನದೆಂದು 1882ರ ಬ್ರಿಟಿಷ್ ಕಾಯ್ದೆಯೇ ಕಲಿಸೈತಿ. ನೀರಿಗೆ ಬಾಂದಗಲ್ಲು ಗೊತ್ತೇನ್ರಿ? ಬೆಳಗಾವಿಯವರ ಲೆಕ್ಕ ನಳದ ತನಕ. ರಕ್ಕಸಕೊಪ್ಪದ್ದೋ ಹಿಡಕಲ್ಲಿನದೋ ನೀರು ಬಂದರೆ ಸಾಕು, ಬರದಿದ್ದರೆ ಟ್ಯಾಂಕರು. ಆ ಟ್ಯಾಂಕರು ಯಾವ ಬಾವಿಯದು ಅಂತ ಕೇಳುವವರು ಕಡಿಮೆ. ಸರ್ಕಾರ ಒಂದು ಕೈಯಿಂದ 10 ಎಚ್‌ಪಿ ತನಕ ಪಂಪಿಗೆ ಬಿಲ್ಲಿಲ್ಲದ ಕರೆಂಟು ಕೊಡತೈತಿ, ಇನ್ನೊಂದು ಕೈಯಿಂದ 2011ರ ಅಂತರ್ಜಲ ಕಾಯ್ದೆ ತೋರಿಸತೈತಿ. ನಾಲ್ಕನೆಯದು ಹೊಲವಿಲ್ಲದ ತಾಯಿಯ ಲೆಕ್ಕ: ದಿನಕ್ಕೆ ಎಷ್ಟು ಕೊಡ? ಆಕೆಯನ್ನು ಯಾವ ಸಭೆಗೂ ಕರೆಯುವುದಿಲ್ಲ.

1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿದಾಗ ಟಿಳಕವಾಡಿಯಲ್ಲಿ ಬಾವಿ ತೋಡಿದರು. ಅದು ಇಂದಿಗೂ ಐತಿ. ಬಂದವರಿಗೆಲ್ಲ ಆ ನೀರು. ಅಲ್ಲಿ ನನ್ನದು ನಿನ್ನದು ಇರಲಿಲ್ಲ.

ಪೇಟೆಯ ಶಾಣ್ಯಾರು 'ಕಬ್ಬು ಬಿಡ್ರಿ, ನೀರು ಉಳಿಸ್ರಿ' ಅಂತಾರ. ಒಪ್ಪಿದೆ. ಆದರೆ ಕಬ್ಬಿಗೆ ಕೇಂದ್ರ ಸರ್ಕಾರ ದರ ಗೊತ್ತು ಮಾಡತೈತಿ, ಬಿಲ್ಲು ತಡವಾದರೂ ಕಾರ್ಖಾನೆ ಮಾಲು ಒಯ್ಯತೈತಿ. ಜೋಳ, ಕಡಲೆಗೆ ಬೆಂಬಲ ಬೆಲೆ ಕಾಗದದ ಮೇಲೈತಿ, ಸಂತೆಯಲ್ಲಿ ದಲ್ಲಾಳಿ ಹೇಳಿದ್ದೇ ದರ. ಕಡಿಮೆ ನೀರಿನ ಬೆಳೆಗೆ ಖರೀದಿಯ ಖಾತ್ರಿ ಕೊಡದೆ ರೈತನಿಗೆ ಉಪದೇಶ ಮಾಡಬ್ಯಾಡ್ರಿ.

ನಮ್ಮ ಪಾಲಿನ ಕೆಲಸವೂ ಐತಿ. ದೀಪಾವಳಿ, ಸಂಕ್ರಾಂತಿ, ಯುಗಾದಿಗೆ ಊರಿನ ನಾಲ್ಕು ಬಾವಿಗೆ ಹಗ್ಗ ಬಿಟ್ಟು ಅಳೆಯಿರಿ. ಪಂಚಾಯ್ತಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹೊಲ ಇದ್ದವರು ಇಲ್ಲದವರು ಕೂಡಿ ಕೂತು, ಕುಡಿಯುವ ನೀರು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಎಷ್ಟು ಎಕರೆ ಕಬ್ಬು ಅಂತ ಗೊತ್ತು ಮಾಡಿರಿ. ಆಮೇಲೆ ಒಂದೇ ಬಾಯಿಂದ ಬೆಲೆ ಕೇಳೋಣ.

ನಾಳೆ ಮುಂಜಾನೆ ನಾನು ಕಾಕಾನ ಮನೆಗೆ ಹೊಂಟೇನಿ, ಹಗ್ಗ ಹಿಡಕೊಂಡು. ನೀವೂ ನಿಮ್ಮ ಬದು ದಾಟ್ರಿ.