ಕಚೇರಿಗೆ ಮರಳುವ ಮುನ್ನ

‘ಸೋಮವಾರದಿಂದ ವಾರಕ್ಕೆ ಐದು ದಿನವೂ ಕಚೇರಿಗೆ ಬನ್ನಿ’ ಎಂಬ ಇಮೇಲ್ ಬೆಂಗಳೂರಿನ ಎಷ್ಟೋ ಮನೆಗಳ ನಿದ್ದೆ ಕೆಡಿಸಿದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ವಾಹನ ದಟ್ಟಣೆ ದಾಟಿ ಹೋಗುವುದು ಯಾರಿಗೆ ತಾನೆ ಇಷ್ಟ? ಆದರೆ ಖಿನ್ನತೆಗೆ ಮಾತ್ರೆ ನುಂಗುತ್ತಿರುವವರಿಗೆ, ಜನರ ನಡುವೆ ಏಕಾಏಕಿ ಎದೆ ಡವಗುಟ್ಟಿ ಉಸಿರು ಕಟ್ಟಿದಂತಾಗುವವರಿಗೆ ಆ ಪ್ರಯಾಣವೇ ದಿನದ ಅರ್ಧ ಶಕ್ತಿಯನ್ನು ಹೀರಿಬಿಡುತ್ತದೆ. ಕೆಲವು ಮಾತ್ರೆಗಳ ಮಂಪರು ಬೆಳಿಗ್ಗೆಯೂ ಇಳಿದಿರುವುದಿಲ್ಲ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ಅಂಗವಿಕಲ ನೌಕರರಿಗೆ ಏನೇನು ಅನುಕೂಲ ಕಲ್ಪಿಸುತ್ತೇವೆ ಎಂದು ತಿಳಿಸುವ ಸಮಾನ ಅವಕಾಶ ನೀತಿಯನ್ನು ಖಾಸಗಿ ಸಂಸ್ಥೆಗಳೂ ಪ್ರಕಟಿಸಬೇಕು ಎನ್ನುತ್ತದೆ ಆ ಕಾಯ್ದೆ. ರಾಜೀನಾಮೆ ಬರೆಯುವ ಮೊದಲು ಆ ನೀತಿಯನ್ನು ಕೇಳಿ ಪಡೆಯಿರಿ. ವೈದ್ಯರ ಪತ್ರದ ಜೊತೆಗೆ ನಿಮಗೆ ಬೇಕಾದುದನ್ನು ಬರೆದು ಕೊಡಿ: ಮೊದಲ ತಿಂಗಳು ವಾರಕ್ಕೆ ಎರಡೇ ದಿನ, ಹನ್ನೊಂದು ಗಂಟೆಗೆ ಆರಂಭ, ಗದ್ದಲವಿಲ್ಲದ ಜಾಗ. ಕಾಯಿಲೆಯ ಕಥೆಯನ್ನು ಇಡೀ ತಂಡಕ್ಕೆ ಹೇಳಬೇಕಿಲ್ಲ.

ಹಾಗೆಂದು ಮನೆಯಲ್ಲೇ ಉಳಿಯುವುದು ಎಲ್ಲರಿಗೂ ಮದ್ದಲ್ಲ. ಒಂಟಿತನವೂ ಖಿನ್ನತೆಯನ್ನು ಬೆಳೆಸಬಲ್ಲದು. ವೈದ್ಯರೊಡನೆ ಕೂತು ನಿರ್ಧರಿಸಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇವತ್ತೇ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.