ಪ್ರೋಗ್ರಾಮಿಂಗ್ ಸಮ್ಮೇಳನದಲ್ಲಿ ನಾನು ಕಂಡದ್ದು



ಸಂಜೆ ಕಾರವಾರದಿಂದ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಕುಮಟಾ, ಹೊನ್ನಾವರ, ಭಟ್ಕಳಗಳನ್ನು ದಾಟಿ ಮರುದಿನ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ಸಂದರ್ಶನಕ್ಕೆ, ಕಾಲೇಜು ಪ್ರವೇಶಕ್ಕೆ, ಅಕ್ಕನ ಮನೆಗೆ, ಆಸ್ಪತ್ರೆಗೆ ಎಂದು ನಮ್ಮ ಕರಾವಳಿಯ ಜನ ಅದರಲ್ಲಿ ಹೋಗಿಬರುತ್ತಾರೆ. ಪ್ರೋಗ್ರಾಮ್ ಬರೆಯುವವರ ಸಮ್ಮೇಳನವೊಂದಕ್ಕಾಗಿ ಆ ರೈಲು ಹತ್ತಿದವರು ನಿಮ್ಮಲ್ಲಿ ಎಷ್ಟು ಮಂದಿ? ಬೆರಳೆಣಿಕೆಯಷ್ಟು ಎಂದು ನನ್ನ ಊಹೆ. ನಾನು ತಂತ್ರಾಂಶ ಬರೆಯುವ ಕೆಲಸದಲ್ಲಿರುವವನು. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಮ್ಮೇಳನ ಕೇಂದ್ರದಲ್ಲಿ ನಡೆದ ‘ಪೈಕಾನ್ ಇಂಡಿಯಾ’ದಲ್ಲಿ ಭಾಗವಹಿಸಿ ಬಂದೆ. ಅಲ್ಲಿ ಕಂಡದ್ದನ್ನು ಭಟ್ಕಳ, ಹೊನ್ನಾವರ, ಕುಮಟಾದ ಕಾಲೇಜುಗಳಲ್ಲಿ ಓದುತ್ತಿರುವ ನಿಮಗೆ ಹೇಳಬೇಕೆನಿಸಿದೆ.

ಪೈಥಾನ್ ಎಂಬುದು ಗಣಕಯಂತ್ರಕ್ಕೆ ಆದೇಶ ಕೊಡಲು ಬಳಸುವ ಒಂದು ಭಾಷೆ. ನೆದರ್‌ಲೆಂಡ್ಸ್ ದೇಶದ ಗೀಡೊ ವಾನ್ ರಾಸಮ್ ಅದನ್ನು ರಚಿಸಿ 1991ರಲ್ಲಿ ಹೊರತಂದರು. ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ, ಬ್ರಿಟಿಷ್ ದೂರದರ್ಶನದ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದದ್ದು. ಈ ಭಾಷೆಯನ್ನು ಬಳಸುವವರು 1994ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿ ಒಂದೆಡೆ ಸೇರಿದಾಗ ಬಂದವರು ಇಪ್ಪತ್ತರಷ್ಟು ಜನ. ‘ಪೈಕಾನ್’ ಎಂಬ ಹೆಸರಿನ ಸಮ್ಮೇಳನ 2003ರಲ್ಲಿ ವಾಷಿಂಗ್ಟನ್ನಿನಲ್ಲಿ ಶುರುವಾಯಿತು. ಭಾರತದ ಮೊದಲ ಪೈಕಾನ್ ನಡೆದದ್ದು ನಮ್ಮ ರಾಜ್ಯದಲ್ಲೇ, 2009ರ ಸೆಪ್ಟೆಂಬರ್ 26 ಮತ್ತು 27ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮುಂಬಯಿ ಐಐಟಿಯ ಪ್ರಾಧ್ಯಾಪಕ ಪ್ರಭು ರಾಮಚಂದ್ರನ್ ಆಗ ಮುಖ್ಯ ಭಾಷಣ ಮಾಡಿದರು. ಮುಂದೆ ಅದು ಪುಣೆ, ದೆಹಲಿ, ಹೈದರಾಬಾದ್, ಚೆನ್ನೈಗಳನ್ನು ಸುತ್ತಿತು. ಕೊರೊನಾ ಕಾಲದ 2020 ಮತ್ತು 2021ರಲ್ಲಿ ಅಂತರಜಾಲದಲ್ಲೇ ನಡೆಯಿತು.

ಇದನ್ನು ನಡೆಸುವವರು ಸ್ವಯಂಸೇವಕರು. ಪ್ರಾಯೋಜಕ ಕಂಪನಿಗಳು ಹಣ ಕೊಡುತ್ತವೆ, ಮಳಿಗೆ ಹಾಕುತ್ತವೆ, ಚೀಲ ಹಂಚುತ್ತವೆ. ವಿದ್ಯಾರ್ಥಿಗಳು ಆ ಚೀಲ, ಅಂಗಿ, ಅಂಟುಚೀಟಿಗಳ ಹಿಂದೆ ಅರ್ಧ ದಿನ ಕಳೆಯುವುದನ್ನು ಕಂಡು ನನಗೆ ಬೇಸರವಾಯಿತು. ಸಮ್ಮೇಳನದ ಹಿಂದಿರುವ ಇಂಡಿಯನ್ ಪೈಥಾನ್ ಸಾಫ್ಟ್‌ವೇರ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದ ಕೆನೆತ್ ಗೊನ್ಸಾಲ್ವಿಸ್ ಯಾವ ಮಹಾನಗರದವರೂ ಆಗಿರಲಿಲ್ಲ, ಊಟಿಯಲ್ಲಿದ್ದವರು. 2012ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿಯಿದೆ. ಸಣ್ಣ ಊರಿನಲ್ಲಿ ಕುಳಿತು ಇಂಥ ಕೆಲಸ ಆಗುವುದಿಲ್ಲ ಎನ್ನುವವರಿಗೆ ಈ ಹೆಸರನ್ನು ಹೇಳಿ.

ಇನ್ನು ಒಳಗೆ ಏನು ನಡೆಯುತ್ತದೆ? ಒಂದೇ ಹೊತ್ತಿಗೆ ಬೇರೆ ಬೇರೆ ಸಭಾಂಗಣಗಳಲ್ಲಿ ಉಪನ್ಯಾಸಗಳಿರುತ್ತವೆ. ಒಂದಕ್ಕೆ ಹೋದರೆ ಮತ್ತೊಂದು ತಪ್ಪುತ್ತದೆ. ಅದಕ್ಕೆ ಮರುಗಬೇಕಿಲ್ಲ, ಬಹುಪಾಲು ಉಪನ್ಯಾಸಗಳ ಚಿತ್ರೀಕರಣ ಆಮೇಲೆ ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತದೆ. ಮನೆಯಲ್ಲಿ ಕುಳಿತು ನೋಡಿದರೆ ಸಿಗದಿರುವುದು ಬೇರೆ. ನೀವು ದಿನವೂ ಬಳಸುವ ಒಂದು ಉಪಯುಕ್ತ ಪ್ರೋಗ್ರಾಮನ್ನು ಬರೆದವರು ಚಹಾದ ಸಾಲಿನಲ್ಲಿ ನಿಮ್ಮ ಮುಂದೆಯೇ ಲೋಟ ಹಿಡಿದು ನಿಂತಿರುತ್ತಾರೆ. ಪರಿಚಯ ಹೇಳಿ, ‘ಇದು ಹೀಗೇಕೆ?’ ಎಂದು ಕೇಳಿದರೆ ಉತ್ತರಿಸುತ್ತಾರೆ. ಕೆಲವೊಮ್ಮೆ ‘ಗೊತ್ತಿಲ್ಲ, ನೋಡಬೇಕು’ ಎನ್ನುತ್ತಾರೆ. ವೇದಿಕೆಯ ಮೇಲೆ ನಿಂತವರು ಸಂಕೋಚವಿಲ್ಲದೆ ‘ಗೊತ್ತಿಲ್ಲ’ ಎನ್ನುವುದನ್ನು ನಮ್ಮ ತರಗತಿಗಳಲ್ಲಿ ನೀವೆಷ್ಟು ಸಲ ಕೇಳಿದ್ದೀರಿ?

ನನಗೆ ಅತ್ಯಂತ ಹಿಡಿಸಿದ್ದು ಮಿಂಚಿನ ಮಾತು ಎಂದು ಕರೆಯಬಹುದಾದ ಭಾಗ. ಒಬ್ಬೊಬ್ಬರಿಗೆ ಐದು ನಿಮಿಷ. ಹೆಸರು ಬರೆಸಿದರಾಯಿತು, ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಸಮಯ ಮುಗಿದೊಡನೆ ಇಳಿಯಬೇಕು, ವಾಕ್ಯ ಅರ್ಧದಲ್ಲಿದ್ದರೂ ಸರಿಯೆ!

ಪ್ರಶ್ನೋತ್ತರದ ವೇಳೆ ಮಾತ್ರ ನನ್ನ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಧ್ವನಿವರ್ಧಕದ ಮುಂದೆ ಸಾಲುಗಟ್ಟಿದವರಲ್ಲಿ ನಗರದ ಕಾಲೇಜುಗಳ ಹುಡುಗ ಹುಡುಗಿಯರೇ ಹೆಚ್ಚು. ಸಣ್ಣ ಊರುಗಳಿಂದ ಬಂದವರು ಹಿಂದಿನ ಸಾಲುಗಳಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಕಾರಣ ನಿಮಗೂ ಗೊತ್ತು: ಇಂಗ್ಲಿಷ್. ಉಪನ್ಯಾಸಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ. ಬೆಂಗಳೂರಿನಲ್ಲಿ ನಡೆಯುವಾಗ ಒಂದು ಸಭಾಂಗಣವನ್ನಾದರೂ ಕನ್ನಡಕ್ಕೆ ಮೀಸಲಿಡಬಾರದೇ ಎಂಬುದು ನನ್ನ ಅಭಿಪ್ರಾಯ. ಆದರೆ ತಪ್ಪು ಇಂಗ್ಲಿಷಿನಲ್ಲಿ ಕೇಳಿದ ಒಳ್ಳೆಯ ಪ್ರಶ್ನೆಗೆ ಅಲ್ಲಿ ಯಾರೂ ನಗಲಿಲ್ಲ ಎಂಬುದನ್ನೂ ಹೇಳಬೇಕು.

ಕೇಳುವ ಕಲೆ ನಮಗೇನು ಹೊಸತೇ? ಹೊನ್ನಾವರ, ಕುಮಟಾ ಕಡೆ ತಾಳಮದ್ದಳೆ ನೋಡದವರಾರು? ವೇಷವಿಲ್ಲ, ಬಣ್ಣವಿಲ್ಲ. ವಾಲಿವಧೆ ಪ್ರಸಂಗದಲ್ಲಿ ‘ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ?’ ಎಂದು ವಾಲಿಯ ಅರ್ಥಧಾರಿ ರಾಮನನ್ನೇ ತಡೆದು ಕೇಳುತ್ತಾನೆ. ರಾಮನ ಅರ್ಥಧಾರಿ ಅಲ್ಲಿಯೇ ಉತ್ತರ ಹೊಂದಿಸಬೇಕು. ಒಳ್ಳೆಯ ಸಮ್ಮೇಳನದ ಒಳ್ಳೆಯ ಗಳಿಗೆಗಳು ಇದಕ್ಕೆ ಬಹಳ ಹತ್ತಿರ.

‘ಕೇಳುವುದಿರಲಿ, ಹೇಳಲು ನಮ್ಮಲ್ಲಿ ಏನಿದೆ?’ ಎಂದು ನೀವು ಕೇಳಬಹುದು. ನಿಮ್ಮ ಊರಿನ ಹೆಸರೇ ಇದೆಯಲ್ಲ! ‘ಹೊನ್ನಾವರ’ದಲ್ಲಿ ಎಷ್ಟು ಅಕ್ಷರ? ಒಂದನೆಯ ತರಗತಿಯ ಮಗು ನಾಲ್ಕು ಎನ್ನುತ್ತದೆ: ಹೊ, ನ್ನಾ, ವ, ರ. ಪೈಥಾನನ್ನು ಕೇಳಿ, ಎಂಟು ಎನ್ನುತ್ತದೆ. ಗಣಕಯಂತ್ರ ಹ, ಒಕಾರದ ಚಿಹ್ನೆ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ದೀರ್ಘದ ಚಿಹ್ನೆ, ವ, ರ ಎಂದು ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತದೆ. ‘ಭಟ್ಕಳ’ ಮತ್ತು ‘ಕುಮಟಾ’ ನಮಗೆ ಮೂರು ಮೂರು ಅಕ್ಷರ, ಅದಕ್ಕೆ ಐದೈದು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ಪೈಥಾನ್ ಹುಟ್ಟಿದ 1991ರಲ್ಲೇ ಅದರ ಮೊದಲ ಆವೃತ್ತಿಯೂ ಬಂತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಎಲ್ಲ ಪಠ್ಯವನ್ನೂ ಯೂನಿಕೋಡ್ ಎಂದೇ ಪರಿಗಣಿಸತೊಡಗಿತು.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ‘ಹೊ’ದ ಒಕಾರ ಚಿಹ್ನೆಯನ್ನು ಒಂದೇ ಸಂಖ್ಯೆಯಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳಾಗಿ ಬಿಡಿಸಿಯೂ ಇಡಬಹುದು. ಎರಡೂ ಯೂನಿಕೋಡಿಗೆ ಒಪ್ಪಿಗೆಯೇ, ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಬಿಡಿಸಿಟ್ಟ ಹೊನ್ನಾವರದಲ್ಲಿ ಒಂಬತ್ತು ಸಂಕೇತಗಳು. ಮ್ಯಾಕ್ ಗಣಕದ ಹಳೆಯ ಕಡತ ವ್ಯವಸ್ಥೆ ಕಡತಗಳ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಎರಡೂ ಸಮವೇ ಎಂದು ಪೈಥಾನನ್ನು ಕೇಳಿದರೆ ‘ಅಲ್ಲ’ ಎನ್ನುತ್ತದೆ. ಒಂದು ಪಟ್ಟಿಯಲ್ಲಿ ಹೊನ್ನಾವರದವರ ಹೆಸರನ್ನು ಹುಡುಕಿದಾಗ ಕಣ್ಣೆದುರಿಗೇ ಇರುವ ಕೆಲವರು ಸಿಗದೆ ಹೋದರೆ ಏನಾದೀತು, ನೀವೇ ಯೋಚಿಸಿ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಪರಿಹಾರ. ಅದಕ್ಕೆ ಬೇಕಾದ ‘ಯೂನಿಕೋಡ್‌ಡೇಟಾ’ ಎಂಬ ಘಟಕ ಪೈಥಾನಿನ ಜೊತೆಗೇ ಬರುತ್ತದೆ.

ಅಕಾರಾದಿಯ ಕಥೆಯೂ ಹೀಗೆಯೇ. ನಾವು ‘ಳ’ವನ್ನು ‘ಹ’ದ ನಂತರ ಕಲಿತವರು. ಯೂನಿಕೋಡಿನಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು. ಹಾಗಾಗಿ ನಿಘಂಟಿನಲ್ಲಿ ‘ಹವಳ’ದ ನಂತರ ಬರಬೇಕಾದ ‘ಹಳದಿ’, ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಮಿನಲ್ಲಿ ಅದಕ್ಕಿಂತ ಮುಂಚೆಯೇ ಬಂದು ಕುಳಿತುಕೊಳ್ಳುತ್ತದೆ. ಭಟ್ಕಳದ ವಿದ್ಯಾರ್ಥಿಗಳ ಬಳಿ ಇನ್ನೂ ಕುತೂಹಲದ ವಿಷಯವಿದೆ. ಅಲ್ಲಿನ ನವಾಯತಿ ಭಾಷೆಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರ ಸಾಲಿನ ನಡುವೆ ಒಂದು ಕನ್ನಡ ಪದ ಬಂದರೆ ಪರದೆಯ ಮೇಲೆ ಯಾವುದು ಎಲ್ಲಿ ನಿಲ್ಲಬೇಕು? ಅದಕ್ಕೂ ನಿಯಮಗಳಿವೆ, ಅವನ್ನು ಪಾಲಿಸದೆ ಎಡವುವ ತಂತ್ರಾಂಶಗಳೂ ಇವೆ. ದಿನವೂ ಮೂರು ನಾಲ್ಕು ಭಾಷೆಗಳ ನಡುವೆ ಓಡಾಡುವ ನಿಮ್ಮಷ್ಟು ಬೇಗ ಇಂಥ ದೋಷಗಳು ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೇ ನಮ್ಮಲ್ಲಿ ಅನೇಕರು ಇಂದು ಕನ್ನಡ ಬೆರಳಚ್ಚಿಸುತ್ತೇವೆ. ಅವರೂ ಕರಾವಳಿಯವರೇ.

ಇನ್ನು ಕೆಲವು ವ್ಯವಹಾರದ ಮಾತು. ಉಪನ್ಯಾಸಕ್ಕೆ ಪ್ರಸ್ತಾವಗಳನ್ನು ಸಮ್ಮೇಳನಕ್ಕೆ ಕೆಲವು ತಿಂಗಳ ಮೊದಲೇ ಆಹ್ವಾನಿಸುತ್ತಾರೆ. ಹಿಂದಿನ ವರ್ಷಗಳ ಪ್ರಸ್ತಾವಗಳು ಅಂತರಜಾಲದಲ್ಲಿ ಓದಲು ಸಿಗುತ್ತವೆ. ಅವನ್ನು ಓದಿದರೆ ಎಂಥವು ಆಯ್ಕೆಯಾಗುತ್ತವೆ ಎಂಬ ಅಂದಾಜು ಬರುತ್ತದೆ. ಪ್ರವೇಶ ಶುಲ್ಕದಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ, ದೂರದಿಂದ ಬರುವವರಿಗೆ ಅರ್ಜಿ ಹಾಕಿ ಪಡೆಯುವ ಧನಸಹಾಯ ಇರುವುದುಂಟು. ಕೊನೆಯ ದಿನಾಂಕವನ್ನು ಗಮನಿಸಿ. ಮೂರು ನಾಲ್ಕು ಗೆಳೆಯ ಗೆಳತಿಯರು ಕೂಡಿ ಹೋದರೆ ಖರ್ಚು ಕಡಿಮೆ, ಧೈರ್ಯ ಜಾಸ್ತಿ.

ಸಾಧ್ಯವಾದರೆ ಸಮ್ಮೇಳನದ ಜೊತೆಗೆ ನಡೆಯುವ ‘ಸ್ಪ್ರಿಂಟ್’ ದಿನಕ್ಕೂ ಉಳಿದುಕೊಳ್ಳಿ. ಅಂದು ಭಾಷಣಗಳಿಲ್ಲ. ಮುಕ್ತ ತಂತ್ರಾಂಶಗಳನ್ನು ಬರೆಯುವವರು ಮೇಜಿನ ಸುತ್ತ ಕುಳಿತು ಕೆಲಸ ಮಾಡುತ್ತಾರೆ, ಹೊಸಬರನ್ನೂ ಕೂಡಿಸಿಕೊಳ್ಳುತ್ತಾರೆ. ಬಳಕೆದಾರರ ಕೈಪಿಡಿಯಲ್ಲಿ ಒಂದು ಕಾಗುಣಿತ ದೋಷ ತಿದ್ದಿ ಕಳುಹಿಸುವುದು ಅನೇಕರ ಮೊದಲ ಕೆಲಸ. ಲ್ಯಾಪ್‌ಟಾಪ್ ಒಯ್ಯಿರಿ, ಚಾರ್ಜರನ್ನು ಮರೆಯಬೇಡಿ. ಮಿಂಚಿನ ಮಾತಿಗೆ ಹೆಸರು ಬರೆಸುವವರು ಬೆಳಿಗ್ಗೆಯೇ ಹೋಗಿ ವಿಚಾರಿಸಬೇಕು, ಜಾಗ ಬೇಗ ತುಂಬುತ್ತದೆ. ಹೊನ್ನಾವರದ ಎಂಟು ಒಂಬತ್ತರ ಲೆಕ್ಕವನ್ನು ಹೇಳಿ ತೋರಿಸಲು ಐದು ನಿಮಿಷ ಸಾಕು. ನಾನು ಗಡಿಯಾರ ಹಿಡಿದು ನೋಡಿದ್ದೇನೆ.